ಪಿ.ಟಿ. ಮೇಡಂ ಎದೆನೋವು

ಅವರ ಕೊರಳಿನ ಸುತ್ತ ಒಂದು ತೆಳ್ಳನೆಯ ಗೆರೆಯಿತ್ತು. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಕಪ್ಪಾದ ಕತ್ತಿನಲ್ಲಿ, ವಿಷಲ್ಲಿನ ದಾರ ಕೂರುತ್ತಿದ್ದಷ್ಟು ಜಾಗ ಮಾತ್ರ ಬಿಳಿಚಿಕೊಂಡು ಉಳಿದಿತ್ತು. ರೇಷ್ಮೆ ಸೀರೆಯುಟ್ಟು ಮದುವೆ ಮನೆಗೆ ಬಂದರೂ ಚಿನ್ನದ ಸರದ ಪಕ್ಕದಲ್ಲಿ ಆ ಗೆರೆ ಕಾಣುತ್ತಿತ್ತು. ಶಾಲೆಯಲ್ಲಾದರೆ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಸೆರಗು, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿಹೋದ ವಿಭೂತಿ. ಹೊಳೆನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾವು ಅವರನ್ನು ಹೆಸರು ಹಿಡಿದು ಕರೆದವರಲ್ಲ. ಪಿ.ಟಿ. ಮೇಡಂ, ಅಷ್ಟೆ.

ಅರಕಲಗೂಡಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರ ಮಗಳು ಅವರು. ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ಆಟ ಕಲಿಸುವುದೆಂದರೇನು ಎಂದು ಮನೆಯವರೆಲ್ಲ ತಕರಾರು ತೆಗೆದರೂ ಹಟ ಹಿಡಿದು ಟ್ರೇನಿಂಗ್ ಮುಗಿಸಿ ಬಂದಿದ್ದರು. ಊರು ಬಿಟ್ಟು ಬಂದರೂ ಮಾತು ಬಿಟ್ಟಿರಲಿಲ್ಲ. "ಲೇ, ಕಾಲೆತ್ತಿ ಓಡ್ರೇ. ನೆಲಕ್ಕೆ ನೋವಾಯ್ತದೆ ಅಂತ ಮೆತ್ತಗೆ ಇಕ್ತಾವ್ಳೆ ನೋಡು" ಎಂದು ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯಲ್ಲಿದ್ದವಳ ಕಾಲು ತಾನಾಗಿ ಮೇಲೇಳುತ್ತಿತ್ತು. ಬರೀ ನಿಂತು ಕೂಗುವವರಲ್ಲ. ನಮ್ಮ ಜೊತೆ ಓಡುತ್ತಿದ್ದರು. ಖೊಖೊ ಆಡುವಾಗ ಕಂಬ ಹಿಡಿದು ತಿರುಗುವುದು ಹೇಗೆಂದು ತೋರಿಸಲು ಸೀರೆಯಲ್ಲೇ ಗಿರ್ರನೆ ತಿರುಗಿ, ನಮಗಿಂತ ಮೊದಲು ಸಾಲಿನ ಕೊನೆ ಮುಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು. ಆಟ ಮುಗಿದ ಮೇಲೆ ಹುರಿಗಡಲೆ, ಬೆಲ್ಲ. ಹಂಚುವ ಮೊದಲು ಎಲ್ಲರ ಉಗುರು ನೋಡುತ್ತಿದ್ದರು.

ನಾನು ಹಳೇಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬೆಳಗಿನಿಂದಲೂ ಹೊಟ್ಟೆ ನೋಯುತ್ತಿತ್ತು. ಅಂದು ಲೆಕ್ಕದ ಟೆಸ್ಟ್ ಇದ್ದುದರಿಂದ ಲೆಕ್ಕದ ಮೇಷ್ಟ್ರು ನಕ್ಕು, "ಎಲ್ಲರಿಗೂ ಇವತ್ತೇ ಹೊಟ್ಟೆನೋವು ಬರುತ್ತೆ" ಎಂದು ಕೂರಿಸಿದರು. ಪಿ.ಟಿ. ಪೀರಿಯಡ್ಡಿನಲ್ಲಿ ನಾನು ಬಗ್ಗಿಕೊಂಡು ನಿಂತಿದ್ದನ್ನು ಮೇಡಂ ನೋಡಿದರು. "ಎಲ್ಲೇ ನೋಯ್ತದೆ?" ಎಂದು ಒಂದೇ ಮಾತು ಕೇಳಿದ್ದು. ತೋರಿಸಿದೆ. ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ಅಪೆಂಡಿಕ್ಸ್ ಊದಿಕೊಂಡಿತ್ತು, ಇನ್ನು ತಡಮಾಡಿದ್ದರೆ ಒಡೆಯುತ್ತಿತ್ತು ಎಂದು ಆಪರೇಷನ್ ಮಾಡಿದ ಡಾಕ್ಟರು ಅಪ್ಪನಿಗೆ ಹೇಳಿದರಂತೆ.

ಗಾಯ ಮಾಯ್ದ ಮೇಲೆ ಶಾಲೆಗೆ ಹೋದಾಗ ಕೇಳಿದೆ, "ನಿಮಗೆ ಹೆಂಗ್ ಗೊತ್ತಾಯ್ತು ಮೇಡಂ?"

"ನಂಗೇನ್ ಗೊತ್ತು, ನಾನೇನ್ ಡಾಕ್ಟ್ರಾ? ನೀನು ನೋಯ್ತದೆ ಅಂದೆ, ನಾನು ನಂಬ್ದೆ. ಸುಳ್ಳಾಗಿದ್ರೆ ಏನೋಯ್ತಿತ್ತು, ಒಂದ್ ಪೀರಿಯಡ್ಡು" ಎಂದರು.

ನಾನು ಓದಿ, ಕನ್ನಡ ಟೀಚರ್ ಆಗಿ, ಚನ್ನರಾಯಪಟ್ಟಣದ ಹತ್ತಿರದ ಒಂದು ಹೈಸ್ಕೂಲಿಗೆ ಸೇರಿದೆ. ಕೆಲವು ವರ್ಷಗಳ ಮೇಲೆ ಒಂದು ಜೂನ್‌ನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಿಳಿ ಕ್ಯಾನ್ವಾಸ್ ಶೂ ಕಂಡಿತು. ಮೇಡಂ ವರ್ಗವಾಗಿ ನಮ್ಮ ಶಾಲೆಗೇ ಬಂದಿದ್ದರು. ಐವತ್ತು ದಾಟಿತ್ತು, ಕಿವಿಯ ಪಕ್ಕ ಬೆಳ್ಳಗಾಗಿತ್ತು, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಡಿಗೆ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ, "ಹೊಟ್ಟೆ ಹುಶಾರಾಗದಾ?" ಎಂದರು. ಉಳಿದವರಿಗೆ ಅರ್ಥವಾಗಲಿಲ್ಲ, ನಾವಿಬ್ಬರೂ ನಕ್ಕೆವು.

ಅವರ ಯಜಮಾನರದು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ. ಒಬ್ಬಳೇ ಮಗಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಳು. ಯಜಮಾನರು ಕುಡಿಯುವವರಲ್ಲ, ಹೊಡೆಯುವವರಲ್ಲ. ಒಳ್ಳೆಯವರೆಂದೇ ಊರಿನಲ್ಲಿ ಹೆಸರು. ಇದನ್ನು ಮೊದಲೇ ಹೇಳುತ್ತೇನೆ. ಮುಂದೆ ಆದದ್ದಕ್ಕೆ ಕೆಟ್ಟ ಜನ ಯಾರೂ ಬೇಕಾಗಲಿಲ್ಲ.

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದಾಗ ಮೊದಲ ಸಲ ಅದು ಬಂದದ್ದು. ಸುಣ್ಣದ ಪುಟ್ಟಿಯನ್ನು ಕೆಳಗಿಟ್ಟು, ಗೋಲ್ ಕಂಬಕ್ಕೆ ಒರಗಿ ಕೂತರು. ನಾನು ನೀರು ತಂದುಕೊಟ್ಟೆ. "ಎದೆ ಮ್ಯಾಲೆ ಯಾರೋ ಮಣೆ ಆಕ್ಕೊಂಡು ಕೂತಂಗಾಯ್ತದೆ ಕಣೇ. ದವಡೆಗಂಟ ಇಡೀತದೆ" ಎಂದರು. ಎಷ್ಟೋ ಹೊತ್ತಿನ ಮೇಲೆ ಎದ್ದರು. ಆಮೇಲೆ ಮೆಟ್ಟಿಲು ಹತ್ತಿದಾಗ, ಬಸ್ಸಿಗೆ ಓಡಿದಾಗ, ಕೆಲವು ಸಲ ಸುಮ್ಮನೆ ಕೂತಿದ್ದಾಗಲೂ ಬರತೊಡಗಿತು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಮೇಡಂ ಕಡಲೆ ಬಿಟ್ಟರು, ಆಲೂಗಡ್ಡೆ ಬಿಟ್ಟರು, ಕಡೆಗೆ ಬೆಳಗಿನ ಕಾಫಿಯನ್ನೂ ಬಿಟ್ಟರು. ನೋವು ಬಿಡಲಿಲ್ಲ.

ಯಜಮಾನರು ಹಾಸನದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿ ಆಂಜಿಯೋಗ್ರಾಂ ಮಾಡಿಸಿದರು. ಅಂದು ನಾನೂ ಜೊತೆಗಿದ್ದೆ. ಅಲ್ಲಿಯ ಡಾಕ್ಟರು ಪರದೆಯ ಮೇಲೆ ಬೆರಳಾಡಿಸಿ, "ನೋಡಿ, ಎಲ್ಲೂ ಬ್ಲಾಕ್ ಇಲ್ಲ. ರಕ್ತನಾಳ ಎಲ್ಲ ಕ್ಲೀನು. ಈ ವಯಸ್ಸಿಗೆ ಹೆಂಗಸರಲ್ಲಿ ಹೀಗೆಲ್ಲ ಅನ್ನಿಸುತ್ತೆ. ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಎಂದರು. ಯಜಮಾನರು ಎರಡೂ ಕೈ ಮುಗಿದರು. ಹೊರಗೆ ಬಂದು ಕಣ್ಣೊರೆಸಿಕೊಂಡದ್ದನ್ನೂ ನೋಡಿದೆ. ಹೆಂಡತಿಗೆ ಏನೂ ಇಲ್ಲ ಎಂಬುದು ಅವರಿಗೆ ಅಂದು ದೇವರು ಕೊಟ್ಟ ವರವಾಗಿತ್ತು.

ಆ ವರವೇ ಮೇಡಂ ತಲೆಯ ಮೇಲೆ ಕಲ್ಲಾಯಿತು. ನೋವು ಬಂದಾಗ ಮೊದಲು ಯಜಮಾನರು ಎದ್ದು ಬೆನ್ನು ನೀವುತ್ತಿದ್ದರು. ಆಂಜಿಯೋ ಆದ ಮೇಲೆ, "ಡಾಕ್ಟ್ರೇ ಏನಿಲ್ಲ ಅಂದವ್ರೆ, ಸುಮ್ಕೆ ಮಲಿಕ್ಕೊ" ಎನ್ನತೊಡಗಿದರು. ಮಗಳು ಫೋನಿನಲ್ಲಿ, "ಅಮ್ಮ, ಯೋಗ ಮಾಡು" ಎಂದಳು. ಸ್ಟಾಫ್ ರೂಮಿನಲ್ಲಿ ಅವರು ಎದೆ ಹಿಡಿದು ಕೂತರೆ ಹೆಂಗಸರೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಒಂದು ಸಲ ಎಲ್ಲರ ಎದುರೇ ಹೇಳಿದರು, "ಅಲ್ಲ ಮೇಡಂ, ನಿಮ್ಮ ಎದೆನೋವಿಗೆ ಕ್ಯಾಲೆಂಡರ್ ನೋಡೋಕೆ ಬರುತ್ತೆ ಅನ್ಸುತ್ತೆ. ಸ್ಪೋರ್ಟ್ಸ್ ಬಂತು ಅಂದ್ರೆ ಅದೂ ಬರುತ್ತೆ."

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಆಮೇಲೆ ಎದ್ದು ಮೈದಾನಕ್ಕೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೈದಾನದ ನಡುವೆ ಎರಡು ಸಲ ನಿಂತರು. ಹಾಗೆ ನಿಂತಾಗ ಹುಡುಗಿಯರಿಗೆ ಗೊತ್ತಾಗಬಾರದೆಂದು ಬಗ್ಗಿ ಶೂ ಲೇಸು ಕಟ್ಟುವಂತೆ ನಟಿಸುತ್ತಿದ್ದರು. ಎಷ್ಟು ಸಲ ನೋಡಿದ್ದೇನೋ ಆ ನಟನೆಯನ್ನು. ಇಲ್ಲದ ನೋವನ್ನು ನಟಿಸುತ್ತಾರೆ ಎಂದು ಜನ ಅನ್ನುತ್ತಿದ್ದರು. ಇರುವ ನೋವನ್ನು ಮುಚ್ಚಲು ಅವರು ಪಡುತ್ತಿದ್ದ ಪಾಡು ಯಾರ ಕಣ್ಣಿಗೂ ಬೀಳಲಿಲ್ಲ.

ಮನಸ್ಸಿನ ಡಾಕ್ಟರಿಗೂ ತೋರಿಸಿದರು. ಅವರು ಕೊಟ್ಟ ಮಾತ್ರೆ ನುಂಗಿ ಮೇಡಂ ಮಂಕಾದರು. ಬೆಳಗಿನ ಪ್ರಾರ್ಥನೆಯಲ್ಲಿ ವಿಷಲ್ ಊದಲು ಮರೆತು ನಿಂತಿರುತ್ತಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ನನ್ನ ಪಕ್ಕ ಕೂತು ಕೇಳಿದರು.

"ಒಂದ್ ಮಾತ್ ಕೇಳ್ತೀನಿ, ನಿಜ ಯೋಳು. ನಾನು ನಾಟ್ಕ ಆಡ್ತಿದ್ದೀನಿ ಅನ್ಸದಾ?"

"ಏನ್ ಮೇಡಂ ಇದು."

"ಇಲ್ಲ ಕಣೇ. ಎಲ್ರೂ ಅಂತಾವ್ರೆ. ನಂಗೇ ಡೌಟ್ ಬಂದ್ಬುಟ್ಟದೆ. ನೋವು ಬತ್ತದಲ್ಲ, ಆಗ ನನ್ನನ್ನ ನಾನೇ ಕೇಳ್ಕೊತೀನಿ, ನಿಜ್ವಾಗ್ಲೂ ನೋಯ್ತಾ ಅದಾ ಅಂತ."

ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂದೂ ಅಳಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಉಗುರಿನಿಂದ ಗೀರುತ್ತಾ ಕೂತಿದ್ದರು. ನನಗೆ ಎಲ್ಲರ ಮೇಲೂ ರೋಷ ಬಂತು. ಆ ಸಂಜೆಯೇ ಅವರ ಮನೆಗೆ ಹೋಗಿ ಯಜಮಾನರಿಗೆ, "ಅಣ್ಣ, ಬೆಂಗಳೂರಲ್ಲಿ ಒಂದ್ಸಲ ತೋರಿಸೋಣ" ಎಂದೆ.

"ಏನೂ ಇಲ್ಲ ಅಂತ ಅಷ್ಟ್ ದೊಡ್ ಆಸ್ಪತ್ರೇಲೇ ಅಂದವ್ರೆ ಮೇಡಮ್ಮೋರೆ. ಏನೋ ಐತೆ ಅನ್ನೋಗಂಟ ಸುತ್ತುಸ್ತಾನೇ ಇರ್ಬೇಕಾ?" ಎಂದರು. ಆದರೆ ಹೋಗಬೇಡಿ ಎನ್ನಲಿಲ್ಲ. ದಸರಾ ರಜೆಯಲ್ಲಿ ನಾವಿಬ್ಬರೇ ಬಸ್ಸು ಹತ್ತಿದೆವು.

ಬೆಂಗಳೂರಿನಲ್ಲಿ ನಾವು ಕಂಡದ್ದು ಒಬ್ಬ ವಯಸ್ಸಾದ ಲೇಡಿ ಡಾಕ್ಟರನ್ನು. ಅವರು ಹಳೆಯ ಫೈಲನ್ನು ತೆರೆಯದೆ ಪಕ್ಕಕ್ಕಿಟ್ಟು, "ನೋವು ಹೇಗೆ ಬರುತ್ತೆ, ನೀವೇ ಹೇಳಿ" ಎಂದರು. ಮೇಡಂ ಹೇಳಿದರು. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಔಷಧಿ ಕೊಟ್ಟು ಹೃದಯಕ್ಕೆ ರಕ್ತ ಜೋರಾಗಿ ಹರಿಯುವಂತೆ ಮಾಡಿ, ಆ ಹೊತ್ತಿನಲ್ಲೇ ಚಿತ್ರ ತೆಗೆಯುವ ಒಂದು ಪರೀಕ್ಷೆ ಬರೆದುಕೊಟ್ಟರು. ಅದನ್ನು ಮಾಡಿಸಿಕೊಂಡು ಮತ್ತೆ ಹೋದಾಗ ಮೇಡಂ ಕಡೆ ತಿರುಗಿ ಕೇಳಿದರು, "ನಿಮ್ಮ ಕಡೆ ಕಾಲುವೆ ನೀರು ಇದೆಯಲ್ಲ ಅಮ್ಮ?"

"ಅದೆ. ಹೇಮಾವತಿ ಚಾನಲ್ಲು."

"ಆಂಜಿಯೋದಲ್ಲಿ ಕಾಣೋದು ಆ ದೊಡ್ಡ ಚಾನಲ್ ಮಾತ್ರ. ಅದು ಚೆನ್ನಾಗೇ ಇದೆ. ಆದ್ರೆ ಗದ್ದೆಗೆ ನೀರು ಹೋಗೋದು ಸಣ್ಣ ಸಣ್ಣ ಕಾಲುವೇಲಿ ಅಲ್ವಾ? ನಿಮ್ಮ ಹೃದಯದಲ್ಲಿ ಆ ಸಣ್ಣ ನಾಳಗಳು ಬಿಗಿದುಕೊಂಡಿವೆ. ಬೇಕಾದಾಗ ಅಗಲ ಆಗ್ತಿಲ್ಲ. ಅದಕ್ಕೇ ಓಡಾಡಿದ್ರೆ ನೋವು. ಅವು ಕೂದಲಿಗಿಂತ ಸಣ್ಣವು, ಸ್ಟೆಂಟ್ ಹಾಕೋಕೆ ಆಗಲ್ಲ. ಮಾತ್ರೆ ತಗೋಬೇಕು, ಬಿಪಿ ಹತೋಟೀಲಿ ಇರ್ಬೇಕು, ನಿಧಾನಕ್ಕೆ ನಡೆಯೋ ಅಭ್ಯಾಸ ಮಾಡ್ಬೇಕು. ಪೂರ್ತಿ ವಾಸಿ ಆಗುತ್ತೆ ಅಂತ ಹೇಳಲ್ಲ."

ಮೇಡಂ ಕುರ್ಚಿಯ ತುದಿಗೆ ಬಂದು ಕೂತಿದ್ದರು. "ಅಂದ್ರೆ, ಕಾಯ್ಲೆ ಅದೆ ಅಲ್ವಾ ಡಾಕ್ಟ್ರೇ?"

"ಇದೆ ಅಮ್ಮ."

"ನನ್ನ ಮನಸಿಂದಲ್ಲ?"

"ಅಲ್ಲ. ಹೃದಯದ್ದೇ."

ಅವರ ಮುಖ ಅರಳಿತು. ಹೃದಯದ ಕಾಯಿಲೆ ಇದೆ ಎಂದು ಹೇಳಿಸಿಕೊಂಡು ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ವಾಪಸ್ಸು ಬರುವಾಗ ಬಸ್ಸು ಹೆದ್ದಾರಿಯ ಹೋಟೆಲಿನಲ್ಲಿ ನಿಂತಿತು. ಮೇಡಂ ಎರಡು ತಟ್ಟೆ ಇಡ್ಲಿ ತಿಂದು, ಬಿಟ್ಟಿದ್ದ ಕಾಫಿಯನ್ನು ಕೇಳಿ ತರಿಸಿಕೊಂಡು ಕುಡಿದರು. "ನಾನು ಸುಳ್ಳಿ ಅಲ್ಲ ಕಣೇ" ಎಂದು ಲೋಟ ಕೆಳಗಿಟ್ಟರು. ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ. ಒಬ್ಬ ಹೆಂಗಸು ತಾನು ಸುಳ್ಳಿಯಲ್ಲವೆಂದು ತಿಳಿದುಕೊಳ್ಳಲು ಎದೆಯೊಳಗೆ ರೋಗ ಇರಲೇಬೇಕಾಗಿ ಬಂತಲ್ಲ ಎನ್ನಿಸಿತು.

ಮಾತ್ರೆ ಹಿಡಿಯಿತು. ನೋವು ಪೂರ್ತಿ ಹೋಗಲಿಲ್ಲ, ಕಮ್ಮಿಯಾಯಿತು. ಬೆಳಿಗ್ಗೆ ಇಬ್ಬರೂ ಚನ್ನರಾಯಪಟ್ಟಣದ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು. ಓಡುವ ಕಾಲನ್ನು ನಡಿಗೆಗೆ ಇಳಿಸುವುದು ಅವರಿಗೆ ಕಷ್ಟವಾಗಿತ್ತು. ಎರಡು ಹೆಜ್ಜೆ ಮುಂದೆ ಹೋಗಿ, ನೆನಪಾಗಿ, ನನಗಾಗಿ ನಿಂತವರಂತೆ ಕಾಯುತ್ತಿದ್ದರು. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯ ಪುಟ್ಟ ಡಬ್ಬಿ ಸೆರಗಿನ ಗಂಟಿನಲ್ಲಿರುತ್ತಿತ್ತು. ಮೊದಲಿನ ಗದರಿಕೆ ವಾಪಸ್ಸು ಬಂತು. ಆ ವರ್ಷ ನಮ್ಮ ಹುಡುಗಿಯರು ಖೊಖೊದಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದರು.

ಆದರೆ ಊರು ಒಪ್ಪಲಿಲ್ಲ. ಅವರ ಬೀದಿಯಲ್ಲೇ ಕೊಬ್ಬರಿ ವ್ಯಾಪಾರಿ ಒಬ್ಬರಿಗೆ ಸ್ಟೆಂಟ್ ಹಾಕಿದ್ದರು. ಅವರನ್ನು ನೋಡಲು ಸೇಬು, ಎಳನೀರು ಹಿಡಿದು ಜನ ಸಾಲಾಗಿ ಹೋದರು. ಮೇಡಂ ಯಜಮಾನರೂ ಹೋಗಿ ಬಂದು ಹೇಳಿದರು, "ಪಾಪ, ದೊಡ್ ಗಂಡಾಂತರ ಕಳೀತು ಅವರ್ಗೆ. ನಿಂದೇನ್ ಬುಡು, ಮಾತ್ರೇಲಿ ಓಗೋ ಅಂಥದ್ದು." ಮೇಡಂ ಇದನ್ನು ನನಗೆ ನಗುತ್ತಲೇ ಹೇಳಿದರು. "ನಂಗೂ ಒಂದ್ ಸ್ಪ್ರಿಂಗ್ ಆಕ್ಬುಟ್ಟಿದ್ರೆ ಒಂದೆರಡ್ ಸೇಬು ಸಿಕ್ತಿದ್ವು ಕಣೇ."

ಶಾಲೆಯಲ್ಲಿ ಬೆಂಗಳೂರಿನ ಡಾಕ್ಟರ ಸಲಹೆಯನ್ನು ಹೆಡ್‌ಮಾಸ್ಟರಿಗೆ ಹೇಳಿ, ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಕೆಲಸದಿಂದ ಬಿಡುವು ಕೇಳಿದರು. ಜಿಲ್ಲಾ ಮಟ್ಟದ ಕೂಟ ಹಾಸನದಲ್ಲಿತ್ತು. ಹುಡುಗಿಯರನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದು ನಾನೂ ಹೇಳಿದೆ. ಹೆಡ್‌ಮಾಸ್ಟರು ತಲೆಯೆತ್ತದೆ, "ಆಂಜಿಯೋ ನಾರ್ಮಲ್ ಅಂತ ನೀವೇ ರಿಪೋರ್ಟ್ ತಂದು ತೋರಿಸಿದ್ರಿ. ಈಗ ಇನ್ನೊಂದು ಹೇಳ್ತೀರಿ. ನಾನು ಯಾವುದನ್ನ ನಂಬಲಿ ಮೇಡಂ? ಕನ್ನಡ ಟೀಚರ್‌ನ ಸ್ಪೋರ್ಟ್ಸ್‌ಗೆ ಕಳಿಸಿದ್ರೆ ಮೇಲಿನವರಿಗೆ ನಾನೇನು ಉತ್ತರ ಕೊಡ್ಲಿ?" ಎಂದರು. ನಾನು ಮಾತು ಬೆಳೆಸಲು ಹೊರಟೆ. ಮೇಡಂ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. "ಬುಡು. ಆಟ ಕಲ್ಸಿರೋಳು ನಾನು. ಮಕ್ಕಳು ಗೆಲ್ಲೋದ್ನ ನಾನೂ ನೋಡ್ಬೇಕು" ಎಂದರು. ಬೆಳಿಗ್ಗೆ ಹುಡುಗಿಯರ ಜೊತೆ ಬಸ್ಸು ಹತ್ತಿದರು. ನಾನು ಶಾಲೆಯಲ್ಲೇ ಉಳಿದೆ.

ಸಂಜೆ ಅವರೇ ಫೋನ್ ಮಾಡಿದರು. ಧ್ವನಿ ತುಂಬ ಸಣ್ಣಗಾಗಿತ್ತು. ಮಧ್ಯಾಹ್ನದ ಮ್ಯಾಚಿನ ನಡುವೆ ನೋವು ಬಂತಂತೆ. ನಾಲಿಗೆ ಕೆಳಗೆ ಮಾತ್ರೆ ಇಟ್ಟರೂ ಹೋಗಲಿಲ್ಲವಂತೆ. ಯಾರೋ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು, ಯಜಮಾನರೂ ಬಂದರು. ಇಸಿಜಿ ತೆಗೆದರು. ಮೇಡಂ ಅಲ್ಲಿಯ ಡಾಕ್ಟರಿಗೆ ತಮಗೆ ಸಣ್ಣ ರಕ್ತನಾಳದ ಕಾಯಿಲೆ ಇದೆ ಎಂದು ತಾವೇ ಹೇಳಿದರು. ಬೆಂಗಳೂರಿನ ಫೈಲು ಮನೆಯಲ್ಲಿತ್ತು. ಆಂಜಿಯೋ ಮಾಡಿಸಿದ್ದೀರಾ ಎಂದು ಅವನು ಕೇಳಿದ. ಯಜಮಾನರು, "ಮಾಡ್ಸೀವಿ ಸಾ, ನಾರ್ಮಲ್ಲು" ಎಂದರು. ಅವನು ನಕ್ಕು, "ಮೊಬೈಲಲ್ಲಿ ಓದಿದ್ದೆಲ್ಲ ನಂಬ್ಬೇಡಿ ಅಮ್ಮ" ಎಂದು ಗ್ಯಾಸಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ.

"ಇವತ್ತೂ ನಾರ್ಮಲ್ಲೇ ಅಂತೆ ಕಣೇ" ಎಂದರು.

"ಈಗ ನೋವು ಹೆಂಗಿದೆ ಮೇಡಂ? ಈಗ್ಲೇ ಬರ್ತೀನಿ, ಬೆಂಗಳೂರಿಗೆ ಹೋಗೋಣ."

"ಅದೆ. ಸ್ವಲ್ಪ ಕಮ್ಮಿ ಆಗದೆ. ಯಜಮಾನ್ರು ಸುಸ್ತಾಗವ್ರೆ, ಈಗ ಮತ್ತೆ ಒರಡು ಅಂದ್ರೆ ಬೈತಾರೆ. ಬೆಳಿಗ್ಗೆ ಓಗನ. ನೀನು ಬತ್ತೀಯಲ್ಲ?"

"ಬರ್ತೀನಿ ಮೇಡಂ."

"ಮಕ್ಕಳು ಗೆದ್ದೋ ಕಣೇ" ಎಂದು ಫೋನ್ ಇಟ್ಟರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಲು ಚೀಲ ಹಿಡಿದು ಅವರ ಬೀದಿಗೆ ತಿರುಗಿದಾಗ ಮನೆ ಮುಂದೆ ಜನ ನಿಂತಿದ್ದರು. ಮೇಡಂ ಸ್ನಾನ ಮಾಡಿ ಬಂದು ಜಗುಲಿಯಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಕಾರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಕಾಲಿನ ಹತ್ತಿರ ಶೂ ಜೋಡಿಸಿಟ್ಟಿತ್ತು. ನನ್ನ ಜೊತೆ ಬರಲು ತಯಾರಾಗಿದ್ದರು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಹೆಡ್‌ಮಾಸ್ಟರು ಕಣ್ಣೊರೆಸಿಕೊಳ್ಳುತ್ತಾ, "ಕಬ್ಬಿಣದಂಥ ಆರೋಗ್ಯ ಅವರದು. ಒಂದು ದಿನವೂ ಕಾಯಿಲೆ ಅಂತ ಮೈದಾನ ಬಿಟ್ಟವರಲ್ಲ. ಸಾವು ಯಾರಿಗೂ ಹೇಳಿ ಬರುವುದಿಲ್ಲ" ಎಂದರು. ಅವರ ಕಣ್ಣೀರು ನಿಜವೇ ಇರಬಹುದು. ನಾನು ಎದ್ದು ನಿಂತೆ. ಸಾವು ಹೇಳಿಯೇ ಬಂದಿತ್ತು, ಎರಡು ವರ್ಷದಿಂದ ಇದೇ ಸ್ಟಾಫ್ ರೂಮಿನಲ್ಲಿ ಹೇಳುತ್ತಿತ್ತು ಎಂದೆ. ಕಾಯಿಲೆಯ ಹೆಸರನ್ನೂ ಹೇಳಿದೆ. ಎರಡು ನಿಮಿಷದ ಮೌನಾಚರಣೆ ಎಂದು ಯಾರೋ ಘೋಷಿಸಿದರು. ಎಲ್ಲರಿಗೂ ಅದರಿಂದ ನಿರಾಳವಾಯಿತು.

ಹನ್ನೊಂದನೇ ದಿನ ಶಿವಗಣಾರಾಧನೆಗೆ ಹೋದೆ. ಫೋಟೋಗೆ ಹೂವು ಹಾಕಿ ಪಂಕ್ತಿಯಲ್ಲಿ ಕೂತೆ. ಯಜಮಾನರು ಬಡವಾಗಿದ್ದರು, ಗಡ್ಡ ಬಿಟ್ಟಿದ್ದರು. ಪಾಯಸದ ಪಾತ್ರೆ ಹಿಡಿದು ತಾವೇ ಬಡಿಸುತ್ತಾ ಬಂದು ನನ್ನ ಎಲೆಯ ಮುಂದೆ ನಿಂತರು.

"ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕೋಬೇಡಿ ಮೇಡಮ್ಮೋರೆ" ಎಂದರು. "ಆಸ್ನದೋರು ಏನಿಲ್ಲ ಅಂದಿದ್ರು. ನೀವು ಬೆಂಗ್ಳೂರ್‌ಗೆ ಕರ್ಕೊಂಡೋಗಿ ಆ ಕಾಯ್ಲೆ ಎಸ್ರು ಅವಳ ತಲೇಗೆ ತುಂಬುಸ್ದೇ ಇದ್ದಿದ್ರೆ ಇನ್ನೂ ಬದುಕಿರೋಳು. ಎದ್ರಿಕೆಗೇ ಓದ್ಲು ಅವಳು."

ಅವರಿಗೂ ಯಾವುದೋ ಒಂದು ಕಾರಣ ಬೇಕಾಗಿತ್ತು, ರಾತ್ರಿ ಮಲಗಬೇಕಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಆದರೂ ಸುಮ್ಮನಿರಲಾಗಲಿಲ್ಲ. ನನ್ನನ್ನು ನಂಬಿ ಬದುಕಿಸಿದವರ ವಿಷಯ ಅದು.

"ಅಣ್ಣ, ಅವರ ತಲೇಲಿ ಏನೂ ಇರ್ಲಿಲ್ಲ. ಎದೇಲಿ ಇತ್ತು" ಎಂದೆ.

ಅವರು ಕೇಳಿಸಿಕೊಂಡರೋ ಇಲ್ಲವೋ, ಸೌಟಿನಲ್ಲಿ ಪಾಯಸ ತೆಗೆದು ನನ್ನ ಎಲೆಗೆ ಬಡಿಸಿ ಮುಂದಿನವರ ಕಡೆ ಹೋದರು. ಬಡಿಸಿದ ಎಲೆಯ ಮುಂದಿನಿಂದ ಉಣ್ಣದೆ ಏಳಬಾರದು ಎಂದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಾನು ಎದ್ದು ಕೈ ತೊಳೆದುಕೊಂಡು ಹೊರಗೆ ಬಂದೆ. ಆ ಮನೆಯ ಮೆಟ್ಟಿಲನ್ನು ಮತ್ತೆ ತುಳಿದಿಲ್ಲ.